ಬೆರಳಗಲದ ಅಂಚು

"ಕೈ ಆಡಿಸಿ ನೋಡ್ರಿ ಮೇಡಂ, ಬೆಣ್ಣಿ ಮ್ಯಾಲ ಆಡಿಸಿದಂಗ ಆಕ್ಕೈತಿ," ಎಂದು ಹುಲುಗಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಒಳ್ಳೆಯ ಕೆಲಸ ಮಾಡಿದಾಗ ಹಾಗೆ ಹಿಂದೆ ಸರಿಯುವುದು ಅವನ ರೂಢಿ. ಹೊಗಳಿಕೆ ಬಂದು ಕೂರುವುದಕ್ಕೆ ಜಾಗ ಬೇಕಲ್ಲ.

ಸುಧಾರಾಣಿ ಕೈ ಆಡಿಸಿದಳು. ಕಡುಗೆಂಪು ಕ್ಯಾಲಿಕೊ ಬಟ್ಟೆ, ಗಟ್ಟಿ ರಟ್ಟು, ಬೆನ್ನಿಗೆ ಹೊಸ ಹೊಲಿಗೆ. ಮೂರು ಕಡೆಯ ಅಂಚೂ ಹತ್ತರಿ ಹೊಡೆದ ಹಲಗೆಯ ಹಾಗೆ ನುಣ್ಣಗಿತ್ತು. ಹತ್ತು ದಿನದ ಹಿಂದೆ ರಬ್ಬರ್ ಬ್ಯಾಂಡ್ ಸುತ್ತಿ ತಂದುಕೊಟ್ಟಿದ್ದ ಪುಸ್ತಕ ಇದೇ ಎಂದು ನಂಬುವುದು ಕಷ್ಟವಾಗಿತ್ತು. ಅವಳ ಮುಖ ಅರಳಿತು. ನಡುವೆ ಎಲ್ಲೋ ಒಂದು ಪುಟ ತೆರೆದಳು. ಇನ್ನೊಂದು ತೆರೆದಳು. ಆಮೇಲೆ ಭರಭರ ಹಾಳೆ ತಿರುವತೊಡಗಿದಳು.

"ಯಜಮಾನ್ರ, ಇದರಾಗ ಬರ್ದಿದ್ದು ಎಲ್ಲಿ ಹೋತು?"

"ಯಾವ್ದು ಬರ್ದಿದ್ದು?"

"ಪುಟದ ಬಾಜೂಕ ಪೆನ್ನಿಲೆ ಬರ್ದಿದ್ರಲ್ರಿ. ಹಸ್ರು, ನೀಲಿ, ಕೆಂಪು..."

"ಓ, ಆ ಗೀಚಿದ್ದೇನ್ರಿ?" ಹುಲುಗಪ್ಪನ ಖುಷಿ ಇನ್ನೂ ಇಳಿದಿರಲಿಲ್ಲ. "ಯಾರೋ ಹುಡುಗ್ರು ಪುಸ್ತಕದ ತುಂಬ ಗೀಚಿ ಹಾಳು ಮಾಡಿದ್ರು. ಅದಕ್ಕ ನಾ ಒಂದು ಬೆರಳು ಹೆಚ್ಚಿಗೇನ ಕೊಯ್ದೀನಿ. ಪೂರಾ ಹೋಗ್ಲಿಲ್ಲ, ಅಲ್ಲಲ್ಲಿ ಒಂದೀಟು ಉಳಕೊಂಡೈತಿ. ಇನ್ನೂ ಒಳಗ ಹೋದ್ರ ಅಚ್ಚಿನ ಅಕ್ಷರಕ್ಕ ಬರ್ತಿತ್ತು ನೋಡ್ರಿ, ಬಿಟ್ಟೆ."

ಸುಧಾರಾಣಿ ಅಲ್ಲೇ ಇದ್ದ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತಳು. ಕಮಲಾಪುರದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಅವಳು. ದಿನಕ್ಕೆ ಐವತ್ತು ಜನರ ರಕ್ತ ತೆಗೆದರೂ ಮುಖ ಬಾಡದವಳು. ಈಗ ಕೊಯ್ದ ಅಂಚನ್ನು ಬೆರಳಿನಿಂದ ಸವರುತ್ತ ಕಣ್ಣು ಒರೆಸಿಕೊಂಡಳು. ಹುಲುಗಪ್ಪ ಅದನ್ನು ಕಂಡ. ಹೊಸಪೇಟೆಯ ತಾಲ್ಲೂಕು ಕಚೇರಿಯ ಹಿಂದಿನ ಈ ಓಣಿಯಲ್ಲಿ ನಲವತ್ತು ವರ್ಷದಿಂದ ಬೈಂಡಿಂಗ್ ಅಂಗಡಿ ಇಟ್ಟವನು ಅವನು. ಸರ್ಕಾರಿ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕ, ವಕೀಲರ ಕಟ್ಟು, ಎಲ್ಲ ಅವನ ಕೈಯಲ್ಲಿ ಹೊಲಿಸಿಕೊಂಡು ಹೋಗಿವೆ. ಕೆಲಸ ಸರಿಯಿಲ್ಲ ಎಂದು ಜಗಳ ತೆಗೆದವರನ್ನು ಅವನು ಕಂಡಿದ್ದ. ಕೆಲಸ ಇಷ್ಟು ಚೆನ್ನಾಗಿದ್ದೂ ಕಣ್ಣಲ್ಲಿ ನೀರು ತಂದುಕೊಂಡವರನ್ನು ಕಂಡಿರಲಿಲ್ಲ.

"ಅದು ಗೀಚಿದ್ದಲ್ರಿ," ಎಂದಳು ಸುಧಾರಾಣಿ. ಆಮೇಲೆ ನಿಧಾನಕ್ಕೆ ಎಲ್ಲ ಹೇಳಿದಳು.

ಅದು ಬಾವಿ ತೋಡುವವರ ಒಂದು ಮನೆತನದ ಕಥೆ, ನಾನೂರು ಪುಟದ ಕಾದಂಬರಿ. ಸಂಡೂರಿನ ಸುವರ್ಣಮ್ಮ ಎಂಬ ನರ್ಸ್ ಗ್ಲಾಸ್ಗೊದಲ್ಲಿ ಕೂತು ಅದನ್ನು ಓದಿ ಮುಗಿಸಿದ್ದರು. ಓದಿದ ಸುಖವನ್ನು ಹಂಚಿಕೊಳ್ಳಲು ಸುತ್ತಮುತ್ತ ಒಬ್ಬ ಕನ್ನಡದವರೂ ಇರಲಿಲ್ಲ. ಹೊಟ್ಟೆ ತುಂಬ ಮಾತು ಇಟ್ಟುಕೊಂಡು ಸುಮ್ಮನಿರುವ ಹೆಂಗಸಲ್ಲ ಅವರು. ವಾಟ್ಸಾಪಿನ ಓದುಗರ ಗುಂಪಿನಲ್ಲಿ ಒಂದು ಮಾತು ಹಾಕಿದರು: ಈ ಪುಸ್ತಕವನ್ನು ಅಂಚೆಯಲ್ಲಿ ಕಳಿಸುತ್ತೇನೆ, ಒಬ್ಬೊಬ್ಬರೂ ಒಂದು ತಿಂಗಳು ಇಟ್ಟುಕೊಂಡು ಓದಿ, ಅನ್ನಿಸಿದ್ದನ್ನು ಪುಟದ ಅಂಚಿನಲ್ಲೇ ಬರೆದು, ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಅಂಚೆಗೆ ಹಾಕಿ. ಒಬ್ಬೊಬ್ಬರದು ಒಂದೊಂದು ಬಣ್ಣದ ಶಾಯಿ. ಹದಿಮೂರು ಜನ ಹೆಸರು ಕೊಟ್ಟರು. ಗ್ಲಾಸ್ಗೊ, ಟೊರಾಂಟೊ, ಮಸ್ಕತ್, ದಾರೆಸಲಾಮ್, ಕೌಲಾಲಂಪುರ ಎಂದು ಪುಸ್ತಕ ಎರಡು ವರ್ಷ ತಿರುಗಿತು. ಹೋದಲ್ಲೆಲ್ಲ ಪಾರ್ಸಲ್ಲಿನ ಮೇಲಿನ ಚೀಟಿಯಲ್ಲಿ 'ಬೆಲೆ' ಎಂಬ ಕಡೆ 'ಇಲ್ಲ' ಎಂದು ಬರೆಯುತ್ತಿದ್ದರು. ಹದಿಮೂರನೆಯವಳಾಗಿ ಸುಧಾರಾಣಿಯ ಕೈಗೆ ಬಂದಾಗ ಬೆನ್ನು ಮುರಿದು, ಮೂಲೆ ಮಡಚಿ, ಹಾಳೆ ಉದುರುತ್ತಿದ್ದವು.

ಪಟ್ಟಿಯ ಆರನೆಯ ಹೆಸರು ಮಹಾಂತೇಶ. ಸಂಡೂರಿನ ಗಣಿಗಳ ಪಕ್ಕದ ವಡ್ಡು ಗ್ರಾಮದವನು, ಮಸ್ಕತ್ತಿನ ಬಂದರಿನಲ್ಲಿ ಕ್ರೇನ್ ಆಪರೇಟರ್. ಕ್ರೇನಿನ ತುದಿಯ ಗಾಜಿನ ಡಬ್ಬಿಯಲ್ಲಿ ಕೂತು, ಹಡಗು ಬರುವವರೆಗೆ ಓದುತ್ತಿದ್ದವನು. ಅವನದು ಹಸಿರು ಶಾಯಿ. ಪುಸ್ತಕವನ್ನು ದಾರೆಸಲಾಮಿಗೆ ಅಂಚೆಗೆ ಹಾಕಿದ ಐದನೆಯ ದಿನಕ್ಕೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೂವತ್ತೊಂಬತ್ತು ವರ್ಷ.

"ಅವನ ಹೇಣ್ತಿ ಕಂಪ್ಲ್ಯಾಗ ಅದಾಳ್ರಿ, ಲಲಿತಾ ಅಂತ," ಎಂದಳು ಸುಧಾರಾಣಿ. "ಗಂಡ ಹೇಣ್ತಿ ದಿನಾ ಫೋನಿನ್ಯಾಗ ಮಾತಾಡಿದ್ದ ಆತು, ಒಂದು ಕಾಗದ ಬರ್ದಿದ್ದಿಲ್ಲ. ಅವನ ಕೈಬರಹ ಅಂತ ಅಕೀ ಮನ್ಯಾಗ ಇರೋದು ಪಾಸ್‌ಬುಕ್ಕಿನ ಸಹಿ ಒಂದ. ಪುಸ್ತಕದಾಗ ಬರ್ದಾನ ಅಂತ ಗೊತ್ತಾದ ಮ್ಯಾಲ, ಪಟ್ಟ್ಯಾಗ ನನ್ನ ಹೆಸ್ರೂ ಸೇರಿಸ್ರಿ ಅಂದ್ಲು. ಸುವರ್ಣಮ್ಮಾರು ಈಗಿಂದೀಗ ನಿಮ್ಗ ಕಳ್ಸಿಕೊಡಸ್ತೀನಿ ಅಂದ್ರು. ಬ್ಯಾಡ, ಮಂದಿ ಓದಲಿ, ಸಾಲಿನ್ಯಾಗ ಬರ್ಲಿ, ನಾ ಕಾಯ್ತೀನಿ ಅಂದ್ಲು. ಹನ್ನೊಂದು ತಿಂಗಳು ಕಾಯ್ದಾಳ್ರಿ. ಮುಂದಿನ ಹೆಸ್ರು ಅಕೀದ."

ಹುಲುಗಪ್ಪ ಪುಸ್ತಕವನ್ನು ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದ. ಒಂದು ಪುಟದ ಪಕ್ಕ ಹಸಿರು ಅಕ್ಷರಗಳು ಶುರುವಾಗಿ, ಅವನು ಕೊಯ್ದ ಕಡೆ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಂತಿದ್ದವು. ಬ್ಲೇಡು ಇಳಿಸುವಾಗಲೂ ಅವನು ಇದನ್ನು ಕಂಡಿದ್ದ. ಕಂಡಿದ್ದ, ಓದಿರಲಿಲ್ಲ. ಶಾಲೆಗಳಿಂದ ಬರುವ ಹಳೆಯ ಪುಸ್ತಕಗಳಲ್ಲಿ ಇಂಥ ಗೀಚು ಇದ್ದಾಗ ಕೊಯ್ದು ಸ್ವಚ್ಛ ಮಾಡಿಕೊಟ್ಟರೆ ಮೇಷ್ಟ್ರುಗಳು ಖುಷಿಪಡುತ್ತಿದ್ದರು. 'ಚೊಲೋ ಮಾಡಿಕೊಡ್ರಿ, ಒಬ್ಬರಿಗೆ ಕೊಡೋದೈತಿ' ಎಂದಿದ್ದಳು ಈಕೆ. ಅವನು ಚೊಲೋ ಮಾಡಿದ್ದ.

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತಲ್ಲವ್ವ," ಎಂದ ಕೊನೆಗೆ. ಮೇಡಂ ಎನ್ನುವುದು ಅವನಿಗೇ ತಿಳಿಯದ ಹಾಗೆ ಬಿಟ್ಟುಹೋಗಿತ್ತು. ಆಮೇಲೆ ತಟ್ಟನೆ ಕಟಿಂಗ್ ಮಷೀನಿನ ಕೆಳಗೆ ಬಗ್ಗಿ ನೋಡಿದ. ಕೊಯ್ದ ಪಟ್ಟಿಗಳು ಬೀಳುವ ಗೋಣಿಚೀಲ ಅಲ್ಲಿ ಖಾಲಿ ಬಿದ್ದಿತ್ತು.

"ಚೀಲ ಅಂಜಿನಿ ಒಯ್ದಾನ. ಐತವಾರ."

"ಯಾರು ಅಂಜಿನಿ? ರದ್ದಿಯವನೇನು?"

"ರದ್ದಿಯಂವ ಅಲ್ಲ. ಹಂಪ್ಯಾಗ ಕಲ್ಲಿನ ಆನಿ ಮಾರ್ತಾನ. ಆನಿ ಸೊಂಡ್ಲ ಮುರೀಬಾರ್ದು ಅಂತ ಡಬ್ಬಿ ಒಳಗ ಈ ಪಟ್ಟಿ ತುಂಬ್ತಾನ." ಅಷ್ಟು ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವತ್ತು ಮಂಗಳವಾರ. ಹುಲುಗಪ್ಪ ಮಟಮಟ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದ. ಓಣಿಯವರು ಯಾರಾದರೂ ಸತ್ತರೇನೋ ಎಂದು ಇಣುಕಿ ನೋಡಿದರು.

ಸುಧಾರಾಣಿಯ ಸ್ಕೂಟಿಯ ಹಿಂದೆ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅರವತ್ತೆರಡರ ಹುಲುಗಪ್ಪ ಒಂದು ಕೈಯಲ್ಲಿ ಸೀಟು ಹಿಡಿದು ಕೂತ. ಹೆಣ್ಣುಮಕ್ಕಳು ಓಡಿಸುವ ಗಾಡಿಯಲ್ಲಿ ಕೂತದ್ದು ಅದೇ ಮೊದಲು. ಕಡ್ಡಿರಾಂಪುರದ ತಿರುವುಗಳಲ್ಲಿ ಕಣ್ಣು ಮುಚ್ಚಿಕೊಂಡ. ಬಾಳೆತೋಟ ದಾಟಿದ ಮೇಲೆ ಹಂಪಿಯ ಬಂಡೆಗಳು ಕಂಡವು.

ಅಂಜಿನಿ ತಗಡಿನ ನೆರಳಿನಲ್ಲಿ ಅಂಗಡಿ ಹರವಿಕೊಂಡು ಕೂತಿದ್ದ. ಅಂಗೈಯಗಲದ ಆನೆಗಳು, ನಂದಿಗಳು, ಆಮೆಗಳು. ಸಂಗತಿ ಕೇಳಿ ಅವನಿಗೆ ನಗು ಬಂತು, ಸುಧಾರಾಣಿಯ ಮುಖ ನೋಡಿ ನಗು ನುಂಗಿದ.

"ಪಟ್ಟಿ ಅದಾವಕ್ಕ. ಆದ್ರ ಚೀಲದಾಗ ಅರ್ಧ, ಡಬ್ಬ್ಯಾಗ ಅರ್ಧ. ನಿನ್ನಿ ಒಂದು ಫ್ಯಾಮಿಲಿ ಬಂದಿತ್ತು, ಐದು ಆನಿ ಪ್ಯಾಕ್ ಮಾಡಿಸಿಕೊಂಡು ಹೋದ್ರು."

"ಯಾವ ಊರೋರು?"

"ಊರಲ್ಲಕ್ಕ, ದೇಶ. ಯಾವ ದೇಶನೋ ಯಾರಿಗ್ಗೊತ್ತು. ಅವರ ಮಾತು ನಂಗ ತಿಳೀಲಿಲ್ಲ, ನನ್ನ ಮಾತು ಅವರಿಗೆ ತಿಳೀಲಿಲ್ಲ. ಬೊಟ್ಟಿಲೆ ವ್ಯಾಪಾರ ಆತು."

ಚೀಲ ಸುರಿದರು. ತಿಂಗಳ ಕೊಯ್ತವೆಲ್ಲ ಗುಡ್ಡೆಯಾಗಿ ಬಿತ್ತು: ರಿಜಿಸ್ಟರಿನ ಬಿಳಿ ಪಟ್ಟಿ, ನೋಟ್‌ಬುಕ್ಕಿನ ಗೆರೆ ಪಟ್ಟಿ, ಮದುವೆ ಕಾಗದದ ಹಳದಿ ಪಟ್ಟಿ. ಸುಧಾರಾಣಿ ಅದರ ಮುಂದೆ ಸೋತವಳ ಹಾಗೆ ಕುಕ್ಕರುಗಾಲಲ್ಲಿ ಕೂತಳು. ಶಾಯಿ ಇರುವ ಪಟ್ಟಿ ಸಿಗಬಹುದು, ಆದರೆ ಬರಿ ಅಕ್ಷರದ ಒಂದು ಬಾಲ, ಒಂದು ಕೊಂಬು ಇರುವ ಪಟ್ಟಿಗಳನ್ನು ಹೇಗೆ ಗುರುತಿಸುವುದು?

ಹುಲುಗಪ್ಪ ಕನ್ನಡಕ ಏರಿಸಿಕೊಂಡು ಒಂದು ಪಟ್ಟಿ ಎತ್ತಿದ. ಅದರ ಕೊಯ್ದ ಅಂಚನ್ನು ಹೆಬ್ಬೆರಳಿನಿಂದ ಸವರಿ ಪಕ್ಕಕ್ಕಿಟ್ಟ. ಇನ್ನೊಂದು ಎತ್ತಿದ, ಒಗೆದ. ಮತ್ತೊಂದು ಎತ್ತಿದ, ಪಕ್ಕಕ್ಕಿಟ್ಟ.

"ಹೆಂಗ್ರಿ ಗೊತ್ತಾಕ್ಕೈತಿ ನಿಮ್ಗ?"

"ನಿನ್ನ ಪುಸ್ತಕದಾಗ ಯಾವ ಪುಣ್ಯಾತ್ಮನೋ ಅಂಚೆ ಚೀಟಿಗೆ ಪಿನ್ನು ಹೊಡದಿದ್ದ. ನನ್ನ ಕಣ್ಣಿಗೆ ಬೀಳ್ಲಿಲ್ಲ. ಮೊದಲ್ನೆ ಕೊಯ್ತಕ್ಕ ಬ್ಲೇಡು ತಾಗಿ ಕೂದಲೆಳಿ ಅಷ್ಟು ಮುಕ್ಕಾತು. ಮುಕ್ಕಿಂದು ಗೆರಿ ಬೀಳ್ತೈತಿ ನೋಡು, ಇಲ್ಲಿ. ಮಾರನೇ ದಿನಾನ ಸಾಣಿಗೆ ಕಳಿಸಿದೆ. ಹಂಗಾಗಿ ಗೆರಿ ಇದ್ದಿದ್ದು ನಿನ್ನ ಪುಸ್ತಕದ್ದು ಅಷ್ಟ." ಆವತ್ತು ಆ ಪಿನ್ನು ಹೊಡೆದವನ ವಂಶವನ್ನೇ ಬೈದಿದ್ದ. ಈಗ ಅವನಿಗೆ ಕೈಮುಗಿಯುವ ಹಾಗಾಗಿತ್ತು.

ಸುಧಾರಾಣಿಯ ಕಣ್ಣಿಗೆ ಆ ಗೆರೆ ಕಾಣಲೇ ಇಲ್ಲ. ಹೆಬ್ಬೆರಳಿಗೂ ಸಿಗಲಿಲ್ಲ. ಅವನಿಗೆ ಸಿಗುತ್ತಿತ್ತು. ಅಂಜಿನಿ ತಾನಾಗಿ ಎದ್ದು, ಮಾರಾಟಕ್ಕೆ ಸಿದ್ಧವಾಗಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದ. ಬೆತ್ತಲೆ ಆನೆಗಳು ಸಾಲಾಗಿ ನಿಂತವು. ಹೊತ್ತು ಇಳಿಯುವ ಹೊತ್ತಿಗೆ ಗಿರಾಕಿಗಳನ್ನು ಆಚೆ ಕಳಿಸಿ ಅಂಜಿನಿಯೂ ಪಟ್ಟಿ ಆರಿಸಲು ಕೂತಿದ್ದ. "ಐದು ಡಬ್ಬಿ ಹೋಗಿಬಿಟ್ವಲ್ಲ ಮಾರಾಯ್ರ," ಎಂದು ಅವನೇ ಹತ್ತು ಸಲ ಪೇಚಾಡಿಕೊಂಡ.

ಮುಂದಿನ ಕೆಲಸಕ್ಕೆ ಹನ್ನೆರಡು ದಿನ ಹಿಡಿಯಿತು. ತಾನು ಹೊಲಿದ ಪುಸ್ತಕವನ್ನು ಹುಲುಗಪ್ಪ ತಾನೇ ಬಿಚ್ಚಿದ. ನಲವತ್ತು ವರ್ಷದಲ್ಲಿ ಅದನ್ನೂ ಅವನು ಮಾಡಿದ್ದಿಲ್ಲ. ಸುಧಾರಾಣಿ ಡ್ಯೂಟಿ ಮುಗಿಸಿ ಸಂಜೆ ನಾಲ್ಕಕ್ಕೆ ಬರುತ್ತಿದ್ದಳು. ಆಸ್ಪತ್ರೆಯ ಚಿಮಟಿಗೆಯಿಂದ ಒಂದೊಂದು ಪಟ್ಟಿಯನ್ನೂ ಎತ್ತಿ ಪುಟಕ್ಕೆ ತಾಗಿಸಿ, ಅರ್ಧ ಅಕ್ಷರಕ್ಕೆ ಇನ್ನರ್ಧ ಕೂಡುತ್ತದೆಯೇ ಎಂದು ನೋಡುವುದು ಅವಳ ಪಾಲು. ಕೂಡಿದ್ದನ್ನು ಹಿಂದಿನಿಂದ ತೆಳುವಾದ ಹಾಳೆ ಕೊಟ್ಟು ಅಂಟಿಸುವುದು ಅವನ ಪಾಲು. ಕಳೆದುಹೋದ ಪಟ್ಟಿಯ ಜಾಗಕ್ಕೆ ಅದೇ ಅಳತೆಯ ಬಿಳಿ ಪಟ್ಟಿ ಸೇರಿಸುತ್ತಿದ್ದ, ಪುಟಗಳು ಸಮ ಬರಲಿ ಎಂದು.

ಮೈದಾ ಅಂಟು ಕುದಿಸಿ ತರುತ್ತಿದ್ದವಳು ಅವನ ಹೆಂಡತಿ ಚೆನ್ನಬಸಮ್ಮ. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ಮೂರನೆಯ ದಿನ ಅವಳು ಪಾತ್ರೆ ಹಿಡಿದು ಬಂದಾಗ ಗಂಡ ಕುಂಚ ಕೈಯಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತ ಪುಟಕ್ಕೆ ಬಗ್ಗಿದ್ದ.

"ಯವ್ವಾ, ಇವರು ಓದಾಕ್ಹತ್ಯಾರ!" ಎಂದಳು ಚೆನ್ನಬಸಮ್ಮ ಸುಧಾರಾಣಿಗೆ. "ನಲ್ವತ್ತು ವರ್ಷ ಊರಿನ ಪುಸ್ತಕ ಎಲ್ಲಾ ಹೊಲದ್ರು, ಒಂದರ ತಗದು ನೋಡ್ಲಿಲ್ಲ. ಚಪ್ಲಿ ಹೊಲಿಯಾಂವ ಆದ್ರೂ ಒಮ್ಮೆ ಮೆಟ್ಟಿ ನೋಡ್ತಾನ."

"ಸುಮ್ನಿರ, ಅಂಟು ಆರ್ತೈತಿ," ಎಂದು ಹುಲುಗಪ್ಪ ಗದರಿದ. ಆದರೆ ಓದುವುದನ್ನು ಬಿಡಲಿಲ್ಲ.

ಹಸಿರು ಶಾಯಿ ಬಂದಲ್ಲೆಲ್ಲ ಅವನ ಕುಂಚ ನಿಧಾನವಾಗುತ್ತಿತ್ತು. ಕಾದಂಬರಿಯ ತಂದೆ ಮಗ ಬಾವಿಗೆ ಇಳಿಯುವ ಪುಟದಲ್ಲಿ, 'ಅವರು ಇಳೀತಾರ, ನಾನು ಏರ್ತೀನಿ. ಕೆಲಸ ಒಂದ' ಎಂದಿತ್ತು. ಇನ್ನೊಂದು ಕಡೆ, 'ಕೆಂಪು ಧೂಳು ಅಂತ ಬರ್ದಾರ. ಲೇಖಕರು ಒಮ್ಮೆ ವಡ್ಡಿಗೆ ಬಂದು ಹೋಗಬೇಕು.' ಮತ್ತೊಂದು ಕಡೆ ಅತ್ತೆಯೊಬ್ಬಳ ಮಾತಿಗೆ, 'ಥೇಟ್ ನಮ್ಮವ್ವ.' ಕೌಲಾಲಂಪುರದ ನೀಲಿ ಶಾಯಿ ಅದರ ಕೆಳಗೆ, 'ನಮ್ಮತ್ತೆಯೂ' ಎಂದು ಬರೆದಿತ್ತು. ಒಬ್ಬರ ಮುಖ ಒಬ್ಬರು ನೋಡದವರು ಹೀಗೆ ಪುಟದ ಪಕ್ಕ ಕಟ್ಟೆಯ ಮೇಲೆ ಕೂತ ಹಾಗೆ ಹರಟುತ್ತಿದ್ದರು. ಅದನ್ನು ತಾನು ಕೊಯ್ದು ಆನೆಗೆ ಹಾಸಿಗೆ ಮಾಡಿದೆ ಎಂದು ನೆನೆದಾಗಲೆಲ್ಲ ಹುಲುಗಪ್ಪ ಅಂಟಿಸಿದ ಪಟ್ಟಿಯನ್ನು ಮತ್ತೊಮ್ಮೆ ಒತ್ತಿ ನೋಡುತ್ತಿದ್ದ.

ಮಹಾಂತೇಶ ಬರೆದ ಪುಟಗಳು ಮೂವತ್ತೊಂದು. ಇಪ್ಪತ್ತಾರು ಪೂರಾ ಕೂಡಿದವು. ನಾಲ್ಕು ಪುಟದಲ್ಲಿ ಒಂದೆರಡು ಅಕ್ಷರ ಹೋಗಿದ್ದರೂ ಮಾತು ತಿಳಿಯುತ್ತಿತ್ತು. ಉಳಿದದ್ದು ಒಂದೇ, ಮುನ್ನೂರ ಹದಿನೆಂಟನೆಯ ಪುಟ.

ಬಾವಿಯಲ್ಲಿ ನೀರು ಬಂದು, ತಳದಿಂದ ಗಂಡ ಮೇಲಿರುವ ಹೆಂಡತಿಯ ಹೆಸರು ಹಿಡಿದು ಕೂಗುವ ಪುಟ ಅದು. ಅದರ ಅಡಿಯ ಖಾಲಿ ಜಾಗದಲ್ಲಿ ಹಸಿರು ಶಾಯಿಯಲ್ಲಿ ಎರಡು ಸಾಲು ಇತ್ತು. ಮೊದಲ ಸಾಲು ಉಳಿದಿತ್ತು: 'ಲಲಿತಾಗ ಈ ಪುಟ ಓದಿ ಹೇಳಬೇಕು. ಊರಿಗೆ ಬಂದಾಗ'. ಎರಡನೆಯ ಸಾಲಿನ ಮೇಲೆಯೇ ಬ್ಲೇಡು ಹಾದುಹೋಗಿತ್ತು. ಉಳಿದದ್ದು ಅಕ್ಷರಗಳ ತಲೆಕಟ್ಟು ಮಾತ್ರ. ಏಳೆಂಟು ತಲೆಕಟ್ಟು, ಒಂದು ಗುಡಿಸು. ಅವುಗಳ ಕೆಳಗೆ ಯಾವ ಅಕ್ಷರ ಬೇಕಾದರೂ ಇರಬಹುದಿತ್ತು.

ಸುಧಾರಾಣಿ ಇದ್ದ ಪಟ್ಟಿಗಳನ್ನೆಲ್ಲ ಮೂರು ಸಲ ತಾಗಿಸಿ ನೋಡಿದಳು. ಹುಲುಗಪ್ಪ ಮತ್ತೊಮ್ಮೆ ಹಂಪಿಗೆ ಹೋಗಿ ಅಂಜಿನಿಯ ಅಂಗಡಿಯ ಮಣ್ಣನ್ನೂ ಕೆದಕಿ ಬಂದ. ಸಿಗಲಿಲ್ಲ.

"ಹುಲುಗಪ್ಪಣ್ಣ, ಆತು ಬಿಡ್ರಿ. ಹೊಲ್ದು ಕೊಡ್ರಿ, ಪೋಸ್ಟಿಗೆ ಹಾಕ್ತೀನಿ. ಒಂದು ಕಾಗದ ಬರ್ದು ಇಡ್ತೀನಿ, ಹಿಂಗಿಂಗ ಆತು ಅಂತ," ಎಂದಳು ಸುಧಾರಾಣಿ.

"ಪೋಸ್ಟಿಗೆ ಬ್ಯಾಡ," ಎಂದ ಅವನು. "ಪುಸ್ತಕ ಪೋಸ್ಟಿನ್ಯಾಗ ಹೊಕ್ಕೈತಿ, ತಪ್ಪು ಹೋಗಂಗಿಲ್ಲ. ಮಾಡ್ದಂವ ಕೈಯಾರೆ ಒಯ್ದು ಕೊಡ್ಬೇಕು."

ಎರಡು ವರ್ಷದಲ್ಲಿ ಆ ಪುಸ್ತಕ ಅಂಚೆಯನ್ನು ಬಿಟ್ಟು ಹೋದದ್ದು ಅದೊಂದೇ ಸಲ. ಕಂಪ್ಲಿಯ ಬಸ್ಸಿನಲ್ಲಿ ಹುಲುಗಪ್ಪ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಕಮಲಾಪುರದಲ್ಲಿ ಸುಧಾರಾಣಿ ಹತ್ತಿಕೊಂಡಳು. ಈ ಸಲ ಅವನು ಅಂಚು ಕೊಯ್ದಿರಲಿಲ್ಲ. ಅಂಟಿಸಿದ ಪಟ್ಟಿಗಳಿಂದ ಪುಸ್ತಕದ ಬಾಯಿ ಉಬ್ಬಿತ್ತು, ಅಂಚು ಅಂಕುಡೊಂಕಾಗಿತ್ತು. ಬೇರೆಯವರು ಮಾಡಿದ್ದರೆ ಅವನೇ 'ಯಾವ ಮುಠ್ಠಾಳನ ಕೈಕೆಲಸ ಇದು' ಎನ್ನುತ್ತಿದ್ದ.

ಲಲಿತಾ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡಿದ್ದಳು. ಗೋಡೆಗೆ ಅರ್ಧ ಹೊಲಿದ ರವಿಕೆಗಳು ತೂಗುತ್ತಿದ್ದವು. ಕೊರಳಲ್ಲಿ ಅಳತೆಯ ಟೇಪು. ಸುಧಾರಾಣಿ ಫೋನಿನಲ್ಲಿ ಬರುತ್ತೇವೆ ಎಂದಷ್ಟೇ ಹೇಳಿದ್ದಳು.

"ಬರ್ರಿ, ಕುಂದ್ರಿ," ಎಂದು ಲಲಿತಾ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ಕಣ್ಣು ಮಾತ್ರ ಟವೆಲಿನ ಮೇಲಿತ್ತು.

ಹುಲುಗಪ್ಪ ಕೂರಲಿಲ್ಲ. ನಿಂತುಕೊಂಡೇ ಹೇಳಿದ. ಗೀಚಿದ್ದು ಅಂದುಕೊಂಡದ್ದು, ಒಂದು ಬೆರಳು ಹೆಚ್ಚಿಗೆ ಕೊಯ್ದದ್ದು, ಆನೆ, ಹಂಪಿ, ಎಲ್ಲ. ಯಾವುದನ್ನೂ ಸುಧಾರಾಣಿಗೆ ಹೇಳಲು ಬಿಡಲಿಲ್ಲ. ಕೊನೆಗೆ ಪುಸ್ತಕ ಬಿಚ್ಚಿ, ಮುನ್ನೂರ ಹದಿನೆಂಟನೆಯ ಪುಟವನ್ನು ತಾನೇ ತೆರೆದು ಅವಳ ಮುಂದೆ ಇಟ್ಟ.

"ಉಳಿದಿದ್ದೆಲ್ಲ ಕೂಡಿಸೀವಿ ತಾಯಿ. ಇದೊಂದು ಸಿಗ್ಲಿಲ್ಲ. ನಾ ಕೊಯ್ದು ಹಾಳು ಮಾಡಿದೆ."

ಲಲಿತಾ ಪುಸ್ತಕವನ್ನು ಮಷೀನಿನ ಹಲಗೆಯ ಮೇಲೆ ಇಟ್ಟುಕೊಂಡು ಬಗ್ಗಿದಳು. ತನ್ನ ಹೆಸರನ್ನು ಓದಿದಳು. ಮತ್ತೆ ಓದಿದಳು. 'ಊರಿಗೆ ಬಂದಾಗ' ಎಂಬಲ್ಲಿ ಬೆರಳು ನಿಂತಿತು. ಆಮೇಲೆ ಕೆಳಗಿನ ತಲೆಕಟ್ಟುಗಳ ಮೇಲೆ ಬೆರಳು ಒಂದೊಂದಾಗಿ ಸರಿಯಿತು, ಗುಂಡಿ ಎಣಿಸುವ ಹಾಗೆ. ಹೊರಗೆ ಯಾರೋ ಬಂದು "ಅಕ್ಕಾ, ಜಾಕೀಟು ಆತೇನು?" ಎಂದರು. ಅವಳು ತಲೆ ಎತ್ತದೆ "ನಾಳಿ ಬಾ" ಎಂದಳು. ಕಣ್ಣೀರು ಪುಟದ ಮೇಲೆ ಬೀಳದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಅತ್ತಳು. ಬಹಳ ಹೊತ್ತು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿ ಪುಟವನ್ನು ಮಗುಚಿ, ಹಿಂದಿನ ಅಂಟನ್ನು ಉಗುರಿನಿಂದ ಸವರಿದಳು.

"ಜೋಡಣಿ ಚೊಲೋ ಬಂದೈತ್ರಿ," ಎಂದಳು. "ನಾನೂ ಕತ್ರಿ ಹಿಡ್ಯಾಕೀನ. ಒಬ್ಬರ ಮದಿವಿ ಸೀರ್ಯಾಗ ಜಾಕೀಟಿನ ಬಟ್ಟಿ ಅಂತ ಸೆರಗನ್ನ ಕೊಯ್ದುಬಿಟ್ಟಿದ್ದೆ. ಎಷ್ಟು ಅತ್ತರೂ ಬಟ್ಟಿ ಕೂಡ್ಲಿಲ್ಲ. ಕುಂದ್ರಿ ಈಗರ."

ಹುಲುಗಪ್ಪ ಕೂತ.

"ಆ ಪಟ್ಟಿ ಎಲ್ಲಿಗೆ ಹೋಗಿರಬೋದ್ರಿ?"

"ಆನಿ ಜೋಡಿ ಹೋಗೈತವ್ವ. ಯಾವ ದೇಶಕ್ಕೋ ದೇವರಿಗೇ ಗೊತ್ತು."

ಲಲಿತಾಳ ತುಟಿಯ ಮೇಲೆ ನಗುವಿನಂಥದ್ದೊಂದು ಬಂತು. "ಅವರಿಗೆ ದೇಶ ತಿರುಗಬೇಕು ಅಂತ ಭಾಳ ಆಸಿ ಇತ್ರಿ. ನಾಲ್ಕು ವರ್ಷ ಮಸ್ಕತ್ತಿನ್ಯಾಗ ಇದ್ರು, ಕ್ರೇನು, ಖೋಲಿ ಬಿಟ್ಟು ಏನೂ ನೋಡ್ಲಿಲ್ಲ. ತಿರುಗಲಿ ಬಿಡ್ರಿ."

ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಿಸದೆ ಅವಳು ಇಬ್ಬರನ್ನೂ ಬಿಡಲಿಲ್ಲ. ಹೊರಡುವಾಗ ಹುಲುಗಪ್ಪನನ್ನು ನಿಲ್ಲಿಸಿ, ಅಳತೆ ಬರೆಯುವ ಪುಸ್ತಕ ತೆರೆದು, "ನಿಮ್ಮ ಅಡ್ರೆಸ್ ಹೇಳ್ರಿ" ಎಂದಳು. ಯಾತಕ್ಕೆ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಕಂಪ್ಲೇಂಟ್ ಕೊಟ್ಟರೂ ಕೊಡಲಿ, ಕೊಡಬೇಕಾದ್ದೇ ಎಂದುಕೊಂಡು ಪಿನ್‌ಕೋಡ್ ಸಮೇತ ಹೇಳಿದ.

ಆಮೇಲೆ ಹುಲುಗಪ್ಪನ ಅಂಗಡಿಯಲ್ಲಿ ಕೆಲಸ ತಡವಾಗತೊಡಗಿತು. ಹಾಜರಿ ಪುಸ್ತಕ ಬರಲಿ, ವಕೀಲರ ಕಟ್ಟು ಬರಲಿ, ಬ್ಲೇಡಿನ ಕೆಳಗೆ ಇಡುವ ಮೊದಲು ಪುಟ ಪುಟ ತಿರುವಿ ಅಂಚು ನೋಡುತ್ತಿದ್ದ. ಒಬ್ಬ ಮೇಷ್ಟ್ರ ಹಾಜರಿಯ ಪಕ್ಕ ಪೆನ್ಸಿಲ್ಲಿನಲ್ಲಿ 'ಹಾಲು, ಉಪ್ಪು, ಔಷಧಿ' ಎಂದಿತ್ತು. ಕೊಯ್ಯಲೋ ಬಿಡಲೋ ಎಂದು ಫೋನ್ ಮಾಡಿ ಕೇಳಿದ. ಮೇಷ್ಟ್ರು ಫೋನಿನಲ್ಲೇ ನಕ್ಕರು. ಚೆನ್ನಬಸಮ್ಮ ಓಣಿಗೆಲ್ಲ ಹೇಳಿಕೊಂಡು ನಕ್ಕಳು.

ಕಂಪ್ಲಿಗೆ ಹೋಗಿ ಬಂದು ತಿಂಗಳು ತುಂಬಿ ಎರಡು ದಿನವಾಗಿತ್ತು. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ ಒಂದು ಪಾರ್ಸಲ್ ಚಾಚಿದ. "ನಿನಗೂ ಪಾರ್ಸಲ್ ಬರ್ತಾವೇನೋ ಹುಲುಗಪ್ಪ!" ಎಂದು ಸಹಿ ಹಾಕಿಸಿಕೊಂಡ. ಮೂವತ್ತು ಕಿಲೋಮೀಟರ್ ದೂರದ ಕಂಪ್ಲಿಯಿಂದ, ಜಾಕೀಟಿನ ಅಸ್ತರಿನ ಬಟ್ಟೆಯಲ್ಲಿ ಹೊಲಿದು ಕಳಿಸಿದ್ದ ಪಾರ್ಸಲ್. ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ಅದನ್ನು ಬಿಚ್ಚಲು ಅವನಿಗೆ ಮನಸ್ಸು ಬರಲಿಲ್ಲ. ಒಂದೊಂದೇ ಎಳೆ ಕಿತ್ತ.

ಪುಸ್ತಕದ ಮೊದಲ ಹಾಳೆಯ ಪಟ್ಟಿಯಲ್ಲಿ ಹದಿನಾಲ್ಕನೆಯ ಹೆಸರಿನ ಕೆಳಗೆ ಹೊಸದೊಂದು ಸೇರಿತ್ತು. ಹದಿನೈದು: ಹುಲುಗಪ್ಪ, ಬೈಂಡಿಂಗ್ ಅಂಗಡಿ, ಹೊಸಪೇಟೆ. ಜೊತೆಗೆ ಒಂದು ಕಂದು ಬಣ್ಣದ ಪೆನ್ನು. ಅಂದರೆ ಅವನೂ ಓದಬೇಕು, ಅವನೂ ಬರೆಯಬೇಕು. ಅವನು ಹೊರಗೆ ಹೋಗಿ ಅಂಟಿನ ಕೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದು ಬಂದ.

ಲಲಿತಾಳದು ನೇರಳೆ ಶಾಯಿ. ದೊಡ್ಡ ದೊಡ್ಡ ಅಕ್ಷರ, ಒಂದೊಂದು ಪುಟದಲ್ಲಿ ಒಂದೊಂದು ಮಾತು. ಹಸಿರಿನ ಪಕ್ಕದಲ್ಲೆಲ್ಲ ನೇರಳೆ ಇತ್ತು. 'ಥೇಟ್ ನಮ್ಮವ್ವ' ಎಂಬುದರ ಕೆಳಗೆ, 'ಅತ್ತೆವ್ವಗ ಓದಿ ಹೇಳಿದೆ. ಬೈದ್ರು, ಆಮ್ಯಾಲ ಅತ್ರು.' ಹುಲುಗಪ್ಪ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಾಳೆ ಮಗುಚುತ್ತ ಮುನ್ನೂರ ಹದಿನೆಂಟಕ್ಕೆ ಬಂದ.

ಅಡಿಯಲ್ಲಿ ಅವನು ಅಂಟಿಸಿದ ಬಿಳಿ ಪಟ್ಟಿ ಹಾಗೆಯೇ ಇತ್ತು. ಲಲಿತಾ ಅದರಲ್ಲಿ ಒಂದು ಚುಕ್ಕೆಯನ್ನೂ ಇಟ್ಟಿರಲಿಲ್ಲ. ಪಕ್ಕದ ಅಂಚಿನಲ್ಲಿ, ಅದರತ್ತ ಒಂದು ಬಾಣ ಎಳೆದು ಬರೆದಿದ್ದಳು:

'ಇಲ್ಲಿ ಯಾರೂ ಬರೀಬ್ಯಾಡ್ರಿ. ಅವರ ಸಾಲು ತಿರುಗಿ ಬರೋದೈತಿ.'

ಹುಲುಗಪ್ಪ ಬಿಳಿ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. ಅಂಟು ಎಲ್ಲೂ ಎದ್ದಿರಲಿಲ್ಲ. ಒಂದು ಸಾಲು ಬರೆಯುವಷ್ಟು ಜಾಗ ಸರಿಯಾಗಿ ಇತ್ತು.